ಒಂದೇ ಹಾಳೆ, ಎಂಟು ಕೈ: ಹಂಚಿಕೊಂಡ ಕಡತಕ್ಕೆ ಹೊಣೆ ಯಾರು?

ದೇಣಿಗೆ ಪಟ್ಟಿಯಲ್ಲಿ ಆ ಹೆಸರಿನ ಮುಂದೆ 501 ಇರಬೇಕಿತ್ತು. 11,000 ಅಂತ ಇತ್ತು. ನಿಜವಾಗಿ 11,000 ಕೊಟ್ಟವರ ಮುಂದೆ 251 ಕೂತಿತ್ತು. ಮೇಲಿಂದ ಕೆಳಗೆ ನೋಡುತ್ತ ಹೋದೆ. ಒಂದು ಹೆಸರಿಗೂ ಅದರ ಮೊತ್ತ ಹೊಂದುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಆ ಪುಟ ಅಚ್ಚಿಗೆ ಹೋಗಬೇಕಿತ್ತು.

ನಾನು ಗದಗದಲ್ಲಿ ಡಿಟಿಪಿ ಕೆಲಸ ಮಾಡುತ್ತೇನೆ. ಒಂದು ಹಳ್ಳಿ ಶಾಲೆಯ ಐವತ್ತನೇ ವರ್ಷದ ಸ್ಮರಣ ಸಂಚಿಕೆ ನಮ್ಮ ಕೈಗೆ ಬಂದಿತ್ತು. ದೇಣಿಗೆ ಪಟ್ಟಿ ಗೂಗಲ್ ಶೀಟ್ಸ್‌ನಲ್ಲಿ, ಲೇಖನಗಳು ಗೂಗಲ್ ಡಾಕ್ಸ್‌ನಲ್ಲಿ. ಎಂಟು ಜನರ ಕೈ ಅದರಲ್ಲಿ ಆಡುತ್ತಿತ್ತು. ಧಾರವಾಡದಲ್ಲಿ ಒಬ್ಬರು, ಹುಬ್ಬಳ್ಳಿಯಲ್ಲಿ ಇಬ್ಬರು, ಹಾವೇರಿಯಲ್ಲಿ ನಿವೃತ್ತ ಗುರುಗಳು, ಉಳಿದವರು ಊರಲ್ಲೇ ಇದ್ದವರು. ರಾತ್ರಿ ಯಾರೋ ಒಬ್ಬರು ಜಾಸ್ತಿ ಕೊಟ್ಟವರು ಮೇಲೆ ಬರಲಿ ಅಂತ ಮೊತ್ತದ ಕಾಲಂ ಒಂದನ್ನೇ ಸೆಲೆಕ್ಟ್ ಮಾಡಿ ಸಾರ್ಟ್ ಒತ್ತಿದ್ದರು. ಮೊತ್ತಗಳು ಸಾಲು ಬದಲಿಸಿದವು, ಹೆಸರುಗಳು ಇದ್ದಲ್ಲೇ ಇದ್ದವು.

ಹಾವೇರಿ ಗುರುಗಳಿಗೆ ಫೋನ್ ಮಾಡಿದೆ. "ನಾ ಬರೇ ನೋಡೀನ್ರೀ, ಕೈ ಹಚ್ಚಿಲ್ಲ" ಅಂದರು. ಧಾರವಾಡದವರೂ ಅದನ್ನೇ ಹೇಳಿದರು. ಕೊನೆಗೆ ಫೈಲ್ ಮೆನುವಿನಲ್ಲಿ ವರ್ಷನ್ ಹಿಸ್ಟರಿ ತೆಗೆದೆ. ಸಂಜೆ ಆರರ ಹೊತ್ತಿನ ಪ್ರತಿ ಸರಿಯಾಗಿತ್ತು. ಅದನ್ನು ವಾಪಸ್ ತಂದೆ. ಎರಡು ನಿಮಿಷದ ಕೆಲಸ. ಆದರೆ ಕೆಡಿಸಿದವರು ಯಾರು ಅಂತ ನೋಡಿದರೆ ಅನಾಮಧೇಯ ಬಳಕೆದಾರ ಅಂತಷ್ಟೇ ಇತ್ತು. ಲಿಂಕ್ ಸಿಕ್ಕ ಯಾರು ಬೇಕಾದರೂ ತಿದ್ದಬಹುದು ಅಂತ ಆ ಶೀಟನ್ನು ಹಂಚಿದ್ದರು. ಲಾಗಿನ್ ಆಗದೇ ಬಂದವರ ಹೆಸರು ಯಂತ್ರಕ್ಕೂ ಗೊತ್ತಿರುವುದಿಲ್ಲ.

ಆವತ್ತಿನಿಂದ ಈ ವಿಷಯ ನನ್ನ ತಲೆಯಲ್ಲಿದೆ. ಗದಗ, ಹಾವೇರಿ, ಹುಬ್ಬಳ್ಳಿ-ಧಾರವಾಡ, ಎಲ್ಲಿ ಹೋದರೂ ಶಾಲೆ, ಸಂಘ, ಟ್ರಸ್ಟ್, ಜಾತ್ರಾ ಕಮಿಟಿಗಳ ಲೆಕ್ಕಪತ್ರ ಈಗ ಇಂಥ ಹಂಚಿಕೊಂಡ ಕಡತಗಳಲ್ಲಿ ಇದೆ. ಒಳ್ಳೆಯದೇ. ಹಿಂದೆ ಪ್ರೂಫ್ ಕವರನ್ನು ಕಂಡಕ್ಟರ್ ಕೈಗೆ ಕೊಟ್ಟು ಕಳಿಸುತ್ತಿದ್ದೆವು. ಅದು ಧಾರವಾಡ ಮುಟ್ಟಿ, ತಿದ್ದಿ, ತಿರುಗಿ ಬರಲು ಎರಡು ದಿನ ಬೇಕಿತ್ತು. ಈಗ ಅವರು ಅಲ್ಲಿ ತಿದ್ದುವುದು ಇಲ್ಲಿ ನನ್ನ ಕಣ್ಣೆದುರೇ ಕಾಣುತ್ತದೆ. ಆದರೆ ಈ ಸೌಕರ್ಯ ಎಷ್ಟರ ಮಟ್ಟಿಗೆ ನಮ್ಮನ್ನು ಕಾಯುತ್ತದೆ, ಎಲ್ಲಿ ಕೈ ಬಿಡುತ್ತದೆ ಅನ್ನುವುದನ್ನು ನಾವು ಸರಿಯಾಗಿ ತಿಳಿದುಕೊಂಡಿಲ್ಲ.

ಮೊದಲು, ಇಬ್ಬರು ಒಟ್ಟಿಗೆ ಬರೆದರೂ ಅಕ್ಷರ ಯಾಕೆ ಕಲಸಿಹೋಗುವುದಿಲ್ಲ ಅಂತ ನೋಡೋಣ.

ಡಾಕ್ಸ್‌ನಲ್ಲಿ ನೀವು ಬರೆದಾಗ ಇಡೀ ಪುಟ ಸರ್ವರಿಗೆ ಹೋಗುವುದಿಲ್ಲ. "ಇಷ್ಟನೇ ಜಾಗದಲ್ಲಿ ಇದನ್ನು ಸೇರಿಸು", "ಇಷ್ಟನೇ ಜಾಗದಿಂದ ಇಷ್ಟು ತೆಗೆ" ಅನ್ನುವ ಸಣ್ಣ ಸಣ್ಣ ಆದೇಶಗಳು ಹೋಗುತ್ತವೆ. ಪುಟದಲ್ಲಿ "ಸಭೆ ಗದಗ" ಅಂತ ಇದೆ ಅಂದುಕೊಳ್ಳಿ. ಯಂತ್ರ ಎಣಿಸುವುದು ಹೀಗೆ: ಸ ಒಂದು, ಭ ಎರಡು, ಎತ್ವ ಮೂರು, ಖಾಲಿ ಜಾಗ ನಾಲ್ಕು. ಗದಗ ಶುರುವಾಗುವುದು 5ನೇ ಜಾಗದಿಂದ. ಹುಬ್ಬಳ್ಳಿಯವರು ಸಾಲಿನ ಮೊದಲಿಗೆ "ನಾಳೆ" ಅಂತ ಸೇರಿಸಿದರು. ಖಾಲಿ ಜಾಗ ಸೇರಿ ಅದು 5 ಗುರುತು. ಅದೇ ಕ್ಷಣ ಹಾವೇರಿಯವರು "5ರಿಂದ 3 ತೆಗೆ" ಅಂತ ಗದಗವನ್ನು ಅಳಿಸಿದರು. ಈ ಎರಡನೇ ಆದೇಶವನ್ನು ಇದ್ದ ಹಾಗೇ ನಡೆಸಿದರೆ ಏನಾಗುತ್ತದೆ? "ನಾಳೆ ಸಭೆ ಗದಗ" ಆದ ಮೇಲೆ 5ರಿಂದ 3 ತೆಗೆದರೆ ಖಾಲಿ ಜಾಗ, ಸ, ಭ ಹೋಗುತ್ತವೆ. ಸಭೆಯೇ ಮಾಯ. ಗದಗ ಅಲ್ಲೇ ಇರುತ್ತದೆ, ಒಂದು ಎತ್ವ ಎಲ್ಲೂ ಹೊಂದದೆ "ನಾಳೆ"ಗೆ ಅಂಟಿಕೊಳ್ಳುತ್ತದೆ.

ಅದಕ್ಕೇ ಸರ್ವರ್ ಮೊದಲು ಬಂದ ಆದೇಶ ನೋಡಿ, ಆಮೇಲೆ ಬಂದದ್ದರ ಲೆಕ್ಕ ತಿದ್ದುತ್ತದೆ. ಮುಂದೆ 5 ಸೇರಿದೆ, ಹಾಗಾಗಿ "5ರಿಂದ 3 ತೆಗೆ" ಅನ್ನುವುದು "10ರಿಂದ 3 ತೆಗೆ" ಆಗುತ್ತದೆ. ಹಾವೇರಿಯವರು ಅಳಿಸಬೇಕೆಂದಿದ್ದ ಗದಗವೇ ಅಳಿಯುತ್ತದೆ. ಈ ವಿಧಾನಕ್ಕೆ ಆಪರೇಷನಲ್ ಟ್ರಾನ್ಸ್‌ಫರ್ಮೇಷನ್ ಅಂತ ಹೆಸರು. 1989ರಲ್ಲಿ ಎಲಿಸ್ ಮತ್ತು ಗಿಬ್ಸ್ ಅನ್ನುವ ಇಬ್ಬರು ಸಂಶೋಧಕರು ಇದನ್ನು ಮುಂದಿಟ್ಟರು. ಒಂದೇ ಕಡತದಲ್ಲಿ ಇಬ್ಬರು ದೂರದಿಂದ ಕೆಲಸ ಮಾಡುವ ಯೋಚನೆ ಇನ್ನೂ ಹಳೆಯದು. 1968ರ ಡಿಸೆಂಬರ್‌ನಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೌಸ್ ತೋರಿಸಿದ ದಿನವೇ ಅದನ್ನೂ ಮಾಡಿ ತೋರಿಸಿದ್ದರು. 2006ರಲ್ಲಿ ಗೂಗಲ್ ರೈಟ್ಲಿ ಅನ್ನುವ ಸಣ್ಣ ಕಂಪನಿಯನ್ನು ಕೊಂಡು ಡಾಕ್ಸ್ ಶುರು ಮಾಡಿತು. ಒಬ್ಬರು ಒತ್ತಿದ ಅಕ್ಷರ ಇನ್ನೊಬ್ಬರಿಗೆ ಆಗಿಂದಾಗ ಕಾಣುವ ಡಾಕ್ಸ್ ಬಂದದ್ದು 2010ರಲ್ಲಿ. ಮೈಕ್ರೋಸಾಫ್ಟ್ 2013ರಲ್ಲಿ ತನ್ನ ವೆಬ್ ಆಫೀಸಿಗೆ ಇದನ್ನು ತಂದಿತು.

2011ರ ಹೊತ್ತಿಗೆ ಇನ್ನೊಂದು ದಾರಿಯೂ ಬಂತು. ಅದರಲ್ಲಿ ಪ್ರತಿ ಅಕ್ಷರಕ್ಕೂ ಅದರದೇ ಗುರುತಿನ ನಂಬರು ಇರುತ್ತದೆ. ಜಾಗ ಎಣಿಸುವ ಗೋಜೇ ಇಲ್ಲ. ನೆಟ್ ಇಲ್ಲದ ಕಡೆ ತಾಸುಗಟ್ಟಲೆ ಬರೆದು ಆಮೇಲೆ ಕೂಡಿಸುವವರಿಗೆ ಅದು ಅನುಕೂಲ. ನಮ್ಮ ಹಳ್ಳಿಗಳಿಗೆ ಅಂಥದೇ ಬೇಕು ಅಂತ ನನಗೆ ಅನ್ನಿಸುತ್ತದೆ. ಮಳೆ ಜೋರಾದರೆ ಟವರ್ ಹೋಗುವ ಊರುಗಳು ನಮ್ಮವು.

ಇಷ್ಟೆಲ್ಲ ಆದರೂ ಯಂತ್ರಕ್ಕೆ ಮಾತಿನ ಅರ್ಥ ಗೊತ್ತಿಲ್ಲ. ಅದೇ "ಸಭೆ ಗದಗ" ಸಾಲಿನಲ್ಲಿ ಒಬ್ಬರು ಗದಗ ಅಳಿಸಿ ಹಾವೇರಿ ಅಂತ ಬರೆದರು, ಅದೇ ಕ್ಷಣ ಇನ್ನೊಬ್ಬರು ಗದಗ ಅಳಿಸಿ ಹುಬ್ಬಳ್ಳಿ ಅಂತ ಬರೆದರು. ಆಗ ಗದಗ ಒಂದೇ ಸಲ ಅಳಿಯುತ್ತದೆ, ಎರಡೂ ಊರು ಸೇರಿಕೊಂಡು "ಹಾವೇರಿಹುಬ್ಬಳ್ಳಿ" ಆಗುತ್ತದೆ. ಯಂತ್ರದ ಲೆಕ್ಕದಲ್ಲಿ ತಪ್ಪಿಲ್ಲ. ಇಬ್ಬರ ಆದೇಶವನ್ನೂ ಅದು ಪಾಲಿಸಿದೆ. ಸಭೆ ಎಲ್ಲಿ ಅಂತ ಮಾತ್ರ ಯಾರಿಗೂ ತಿಳಿಯುವುದಿಲ್ಲ.

ಶೀಟ್‌ನಲ್ಲಿ ಇದು ಇನ್ನೂ ಸೂಕ್ಷ್ಮ. ಒಂದೇ ಸೆಲ್‌ನಲ್ಲಿ ಒಬ್ಬರು 5000, ಇನ್ನೊಬ್ಬರು 500 ಹೊಡೆದರೆ ಕೊನೆಗೆ ಎಂಟರ್ ಒತ್ತಿದವರದ್ದು ಉಳಿಯುತ್ತದೆ. ಮೊದಲಿನವರದ್ದು ಸದ್ದಿಲ್ಲದೆ ಹೋಗುತ್ತದೆ. ಡಾಕ್ಸ್‌ನಲ್ಲಿ ಕನಿಷ್ಠ "ಹಾವೇರಿಹುಬ್ಬಳ್ಳಿ" ಕಣ್ಣಿಗೆ ಹೊಡೆಯುತ್ತದೆ. 500 ಕಣ್ಣಿಗೆ ಹೊಡೆಯುವುದಿಲ್ಲ. ಅದೂ ಒಂದು ಸರಿಯಾದ ಅಂಕಿಯ ಹಾಗೇ ಕಾಣುತ್ತದೆ, ಅಲ್ವಾ?

ಈ ಕಷ್ಟಕ್ಕೆ ನಮ್ಮ ಕಡೆ ಹಳೆಯ ಉಪಾಯ ಒಂದಿದೆ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಹಕಾರ ಸಂಘ ಕಟ್ಟಿದರು. 1904ರ ಸಹಕಾರ ಕಾಯ್ದೆ ಬಂದ ಮರುವರ್ಷ ಅದು. ಆಗಿನಿಂದ ಈ ಭಾಗದ ಹಳ್ಳಿ ಹಳ್ಳಿಯಲ್ಲಿ ಸಹಕಾರ ಸಂಘ ಬೆಳೆಯಿತು. ಸಂಘ ಅಂದರೆ ರೋಜ್‌ಕೀರ್ದಿ (ದಿನದಿನದ ಜಮಾ-ಖರ್ಚು ಬರೆಯುವ ಪುಸ್ತಕ) ಮತ್ತು ಠರಾವು (ಸಭೆಯ ನಿರ್ಣಯ) ಪುಸ್ತಕ. ನಾನು ಸಣ್ಣವನಿದ್ದಾಗ ನಮ್ಮೂರ ಸಂಘದ ಕಾರ್ಯದರ್ಶಿ ಕೀರ್ದಿ ಬರೆಯುವುದನ್ನು ಪಕ್ಕ ಕೂತು ನೋಡುತ್ತಿದ್ದೆ. ಪುಟಗಳಿಗೆ ಅಚ್ಚು ಹಾಕಿದ ನಂಬರು. ಒಂದು ಅಂಕಿ ತಪ್ಪಿದರೆ ಅವರು ರಬ್ಬರು ಮುಟ್ಟುತ್ತಿರಲಿಲ್ಲ. ಅದರ ಮೇಲೆ ಒಂದು ಗೀಟು, ಅದೂ ಕೆಳಗಿನ ಅಂಕಿ ಓದಲು ಬರುವ ಹಾಗೆ. ಪಕ್ಕದಲ್ಲಿ ಸರಿಯಾದ ಅಂಕಿ. ಅದರ ಬಾಜು ಕೆಂಪು ಮಸಿಯಲ್ಲಿ ಸಣ್ಣ ಸಹಿ. "ತಪ್ಪು ಆಗತಾವ ತಮ್ಮಾ, ಮುಚ್ಚಬಾರದು ಅಷ್ಟ" ಅನ್ನುತ್ತಿದ್ದರು.

ಈಗಿನ ಕಡತಗಳಲ್ಲಿ ಆ ಗೀಟೂ ಇದೆ, ಆ ಸಹಿಯೂ ಇದೆ. ಡಾಕ್ಸ್‌ನ ಸಜೆಸ್ಟಿಂಗ್ ಮೋಡ್ ಹಾಕಿಕೊಂಡರೆ ನೀವು ಅಳಿಸಿದ್ದು ಅಳಿಯುವುದಿಲ್ಲ. ಮೇಲೊಂದು ಗೀಟು ಬೀಳುತ್ತದೆ, ಪಕ್ಕದಲ್ಲಿ ನಿಮ್ಮ ಹೆಸರು ಬರುತ್ತದೆ. ಕಡತ ತಿದ್ದುವ ಹಕ್ಕಿದ್ದವರು ಒಪ್ಪಿದ ಮೇಲೆ ಮಾತ್ರ ಬದಲಾವಣೆ ಕೂರುತ್ತದೆ. ವರ್ಷನ್ ಹಿಸ್ಟರಿಯಲ್ಲಿ ಯಾರು ಯಾವಾಗ ಏನು ಬದಲಿಸಿದರು ಅಂತ ಬಣ್ಣ ಬಣ್ಣದಲ್ಲಿ ಸಿಗುತ್ತದೆ. ಮುಖ್ಯ ಹಂತಗಳಿಗೆ ಹೆಸರು ಕೊಟ್ಟು ಇಡಬಹುದು: "ಮಹಾಸಭೆಗೆ ಮುಂಚೆ", "ಆಡಿಟ್‌ಗೆ ಕೊಟ್ಟದ್ದು". ನಾವು ಇದನ್ನು ಬಳಸುವುದಿಲ್ಲ. ಎಲ್ಲರಿಗೂ ಎಡಿಟ್ ಹಕ್ಕು ಕೊಟ್ಟು ವಾಟ್ಸಾಪ್ ಗುಂಪಿಗೆ ಲಿಂಕ್ ಹಾಕಿಬಿಡುತ್ತೇವೆ. ಕೀರ್ದಿ ಪುಸ್ತಕವನ್ನು ಬಸ್ ಸ್ಟ್ಯಾಂಡಿನ ಕಟ್ಟೆ ಮೇಲೆ ಪೆನ್ ಸಮೇತ ಇಟ್ಟು ಬಂದ ಹಾಗೆ ಅದು. ಇಂಥ ಕೆಲಸ ಮಾಡಬೇಡಿ ಅಂತ ನಾನು ನಮ್ಮ ಗಿರಾಕಿಗಳಿಗೆ ಕೈ ಮುಗಿದು ಹೇಳುತ್ತೇನೆ. ತಿದ್ದುವ ಹಕ್ಕು ಇಬ್ಬರಿಗೋ ಮೂವರಿಗೋ ಇರಲಿ, ಅದೂ ಅವರ ಇಮೇಲ್ ಹಾಕಿ ಕೊಟ್ಟದ್ದಿರಲಿ. ಉಳಿದವರಿಗೆ ನೋಡಲು, ಕಾಮೆಂಟ್ ಬರೆಯಲು ಸಾಕು. ಪಟ್ಟಿಯನ್ನು ತಮಗೆ ಬೇಕಾದ ಹಾಗೆ ಜೋಡಿಸಿ ನೋಡಬೇಕು ಅನ್ನುವವರಿಗೆ ಫಿಲ್ಟರ್ ವ್ಯೂ ಇದೆ. ಅದರಲ್ಲಿ ಸಾರ್ಟ್ ಮಾಡಿದರೆ ಬೇರೆಯವರ ಪರದೆ ಅಲುಗಾಡುವುದಿಲ್ಲ.

ಒಂದು ಮಾತು ನೆನಪಿರಲಿ. ಕಡತವನ್ನು ಡೌನ್‌ಲೋಡ್ ಮಾಡಿಕೊಂಡರೆ ಅಥವಾ ಮೇಕ್ ಎ ಕಾಪಿ ಒತ್ತಿದರೆ ಈ ಹಿಸ್ಟರಿ ಜೊತೆಗೆ ಬರುವುದಿಲ್ಲ. ಮೂಲ ಕಡತ ಹೋದರೆ ಗೀಟು, ಸಹಿ ಎಲ್ಲ ಹೋದವು.

ಮೂಲ ಕಡತ ಯಾರದ್ದು? ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದೇ, ಇದನ್ನು ಕೇಳುವವರೇ ಇಲ್ಲ.

ಸಂಘದ ಕೀರ್ದಿ ಸಂಘದ ಕಪಾಟಿನಲ್ಲಿ ಇರುತ್ತಿತ್ತು. ಕಾರ್ಯದರ್ಶಿ ಬದಲಾದರೆ ಬೀಗದ ಕೈ ಬದಲಾಗುತ್ತಿತ್ತು. ಈಗಿನ ಶೀಟ್ ಅದನ್ನು ಮೊದಲು ತೆರೆದವರ ಸ್ವಂತ ಇಮೇಲ್ ಖಾತೆಯಲ್ಲಿ ಇರುತ್ತದೆ. ಎಂಟು ಜನ ಎಡಿಟ್ ಮಾಡಿದರೂ ಮಾಲೀಕರು ಒಬ್ಬರೇ. ಆ ಒಬ್ಬರು ಯಾರು? ಸಾಮಾನ್ಯವಾಗಿ ಕಂಪ್ಯೂಟರ್ ಬಲ್ಲ ಹುಡುಗ, ಇಲ್ಲವೇ ಗೆಸ್ಟ್ ಟೀಚರ್. ಆರು ತಿಂಗಳಿಗೆ ಬೆಂಗಳೂರಿಗೆ ಹೋಗುವವರು.

ಗೂಗಲ್‌ನ ಉಚಿತ ಖಾತೆಗೆ 15 ಜಿಬಿ ಜಾಗ. ಮೇಲ್, ಡ್ರೈವ್, ಫೋಟೋ ಎಲ್ಲ ಅದರೊಳಗೇ. 2021ರ ಜೂನ್‌ನಿಂದ ಹೊಸ ಡಾಕ್ಸ್, ಶೀಟ್ಸ್ ಕೂಡ ಆ ಲೆಕ್ಕಕ್ಕೆ ಸೇರುತ್ತವೆ. ಆ ಹುಡುಗನ ಮೊಬೈಲಿನ ಮದುವೆ ಫೋಟೋಗಳಿಂದ ಜಾಗ ತುಂಬಿದರೆ, ಅವನ ಹೆಸರಿನಲ್ಲಿರುವ ಸಂಘದ ಶೀಟನ್ನು ಯಾರೂ ತಿದ್ದಲಾಗದ ಸ್ಥಿತಿ ಬರಬಹುದು. ಇನ್ನೊಂದು ನಿಯಮ 2023ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ. ಎರಡು ವರ್ಷ ಬಳಸದೇ ಬಿಟ್ಟ ಸ್ವಂತ ಖಾತೆಯನ್ನು ಗೂಗಲ್ ಅಳಿಸಬಹುದು. ಖಾತೆ ಅಳಿದರೆ ಅದರ ಕಡತಗಳೂ ಅಳಿಯುತ್ತವೆ. ಉಳಿದ ಏಳು ಜನ ವರ್ಷಗಟ್ಟಲೆ ಅದರಲ್ಲಿ ದುಡಿದಿದ್ದರೂ ಅಷ್ಟೇ.

ನನಗೆ ಗೊತ್ತಿರುವ ಒಂದು ಸಣ್ಣ ಸಂಘದಲ್ಲಿ ಇಂಥದೇ ನಡೆಯಿತು. ಐದು ವರ್ಷದ ಸದಸ್ಯರ ಪಟ್ಟಿ ಕೆಲಸ ಬಿಟ್ಟುಹೋದವರ ಖಾತೆಯಲ್ಲಿತ್ತು. ಅವರು ಹೊಸ ನಂಬರು, ಹೊಸ ಇಮೇಲ್ ಮಾಡಿಕೊಂಡಿದ್ದರು. ಹಳೆಯದರ ಪಾಸ್‌ವರ್ಡ್ ಮರೆತಿತ್ತು. ಅವರದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಸ್ವಂತ ಖಾತೆಯನ್ನು ಬಿಡುವುದು ಅವರ ಹಕ್ಕು. ಸಂಘದ ಕಪಾಟನ್ನು ಅವರ ಮನೆಯಲ್ಲಿ ಇಟ್ಟವರು ನಾವು. ಪಟ್ಟಿಯನ್ನು ಹಳೆಯ ಪಾವತಿ ಪುಸ್ತಕಗಳಿಂದ ಮತ್ತೆ ಕಟ್ಟಬೇಕಾಯಿತು. ನಾಲ್ಕು ಭಾನುವಾರ ಹಿಡಿಯಿತು.

ದಾರಿ ಕಷ್ಟದ್ದೇನಲ್ಲ. ಸಂಘದ ಹೆಸರಲ್ಲಿ ಒಂದು ಖಾತೆ, ಅದರ ಪಾಸ್‌ವರ್ಡ್ ಯಾರ ಯಾರ ಹತ್ತಿರ ಇರಬೇಕು ಅಂತ ಠರಾವು, ಎರಡನೇ ಹಂತದ ಒಟಿಪಿ ಬರುವ ಫೋನ್ ಕಚೇರಿಯದ್ದು. ಹಳೆಯ ಕಡತಗಳ ಮಾಲೀಕತ್ವವನ್ನು ಶೇರ್ ಬಟನ್ ಒಳಗಿಂದ ಆ ಖಾತೆಗೆ ವರ್ಗಾಯಿಸಬಹುದು. ತೆಗೆದುಕೊಳ್ಳುವವರು ಇಮೇಲ್‌ನಲ್ಲಿ ಒಪ್ಪಿಗೆ ಕೊಡಬೇಕು, ಅಷ್ಟೇ. ವರ್ಷಕ್ಕೊಮ್ಮೆ ಮಾರ್ಚ್ ಕೊನೆಗೆ ಎಲ್ಲವನ್ನೂ ಇಳಿಸಿ ಪೆನ್‌ಡ್ರೈವ್‌ನಲ್ಲಿ ಒಂದು ಪ್ರತಿ ಇಡಬೇಕು.

ಈ ಶೀಟ್‌ಗಳಲ್ಲಿ ಏನೆಲ್ಲ ತುಂಬಿರುತ್ತೇವೆ ಅಂತ ಒಮ್ಮೆ ನೋಡಿ. ಹೆಸರು, ಫೋನು, ಬ್ಯಾಂಕ್ ಖಾತೆ, 12 ಅಂಕಿಯ ಆಧಾರ್ ನಂಬರು. ಮಕ್ಕಳ ವಿದ್ಯಾರ್ಥಿವೇತನದ ಪಟ್ಟಿಗಳನ್ನು ಹೀಗೆ ತೆರೆದ ಲಿಂಕ್‌ನಲ್ಲಿ ನಾನೇ ಕಂಡಿದ್ದೇನೆ. ನೋಡಿ ಹೊಟ್ಟೆ ಉರಿಯಿತು. ಆ ತಾಯಂದಿರು ನಂಬಿ ಕೊಟ್ಟ ಮಾಹಿತಿ ಅದು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ. 2025ರ ನವೆಂಬರ್‌ನಲ್ಲಿ ಅದರ ನಿಯಮಗಳೂ ಹೊರಬಿದ್ದಿವೆ. ಮಾಹಿತಿಯನ್ನು ಜೋಪಾನ ಮಾಡದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡಕ್ಕೆ ಅವಕಾಶ ಇದೆ. ದಂಡದ ಮಾತು ಆಮೇಲೆ. ಕೆಲಸ ಮುಗಿದ ಮೇಲೆ ಲಿಂಕ್ ಬಂದ್ ಮಾಡಲು ಅರ್ಧ ನಿಮಿಷ ಸಾಕು.

ಇನ್ನು ನಮ್ಮ ಕನ್ನಡದ ಕಷ್ಟ. ಇದರಲ್ಲಿ ನಾನು ದಿನಾ ಒದ್ದಾಡುವವನು, ಸ್ವಲ್ಪ ಉದ್ದ ಹೇಳುತ್ತೇನೆ.

ಸರ್ಕಾರಿ ಕಚೇರಿಗಳಲ್ಲಿ, ಪ್ರೆಸ್‌ಗಳಲ್ಲಿ ಇಷ್ಟು ವರ್ಷ ಕನ್ನಡ ಅಂದರೆ 'ನುಡಿ' ಇಲ್ಲವೇ 'ಬರಹ' ಅನ್ನುವ ತಂತ್ರಾಂಶ. ಅವು ಇಲ್ಲದಿದ್ದರೆ ಕಂಪ್ಯೂಟರಿನಲ್ಲಿ ಕನ್ನಡ ಇಷ್ಟು ಬೇಗ ಬೇರು ಬಿಡುತ್ತಿರಲಿಲ್ಲ. ಆದರೆ ಅವುಗಳ ಹಳೆಯ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿದ್ದವು. ಫಾಂಟ್ ಇರುವ ಕಂಪ್ಯೂಟರಿನಲ್ಲಿ ಕನ್ನಡ, ಇಲ್ಲದಲ್ಲಿ ಗೊಂದಲ. ನುಡಿಯಲ್ಲಿ ಬರೆದ "ಕನ್ನಡ" ಪದವನ್ನು ಡಾಕ್ಸ್‌ಗೆ ಅಂಟಿಸಿ ನೋಡಿ. ಒಂದು ಇಂಗ್ಲಿಷ್ ಪಿ, ತಲೆ ಮೇಲೆ ಗೀಟಿರುವ ಎ, ಮಧ್ಯದಲ್ಲಿ ಪೌಂಡಿನ ಗುರುತು. ಹುಬ್ಬಳ್ಳಿಯಲ್ಲಿ ಕೂತವರು ಅದನ್ನು ಹೇಗೆ ತಿದ್ದುತ್ತಾರೆ? ಹುಡುಕಿದರೆ ಸಿಗುವುದಿಲ್ಲ, ಮೊಬೈಲಿನಲ್ಲಿ ಓದಲು ಬರುವುದಿಲ್ಲ. ಒಟ್ಟಿಗೆ ತಿದ್ದುವ ಮಾತು ಅಲ್ಲಿಗೇ ನಿಂತಿತು.

ಯೂನಿಕೋಡ್ ಅಂದರೆ ಬೇರೆ ಬೇರೆ ಲಿಪಿಗಳ ಅಕ್ಷರಗಳಿಗೆ ಎಲ್ಲ ಕಂಪ್ಯೂಟರಿನಲ್ಲೂ ಒಂದೇ ಇರುವ ಸಂಕೇತ. ಅದರಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದೆ. ಹಂಚಿಕೊಂಡು ತಿದ್ದಬೇಕಾದರೆ ಅದೇ ಬೇಕು. ಹಳೆಯ ಕಡತಗಳನ್ನು ಬದಲಿಸುವ ಪರಿವರ್ತಕಗಳಿವೆ. ಆದರೆ ಅರ್ಕಾವತ್ತು ಇದ್ದಲ್ಲಿ ಕಣ್ಣಿಟ್ಟು ನೋಡಬೇಕು. ಹಳೆಯ ಫಾಂಟ್‌ಗಳಲ್ಲಿ ಅರ್ಕಾವತ್ತು ಅಕ್ಷರದ ಆಮೇಲೆ ಬರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲು. ಪರಿವರ್ತಕ ಎಡವಿದರೆ ಜನರ ಹೆಸರೇ ಕೆಡುತ್ತದೆ.

ಯೂನಿಕೋಡ್ ಆದ ಮೇಲೂ ಒಂದು ವಿಷಯ ತಿಳಿದಿರಬೇಕು. "ಸ್ತ್ರೀ" ನಮಗೆ ಒಂದು ಅಕ್ಷರ. ಯಂತ್ರಕ್ಕೆ ಆರು ಗುರುತು: ಸ, ಹಲಂತ, ತ, ಹಲಂತ, ರ, ದೀರ್ಘದ ಈತ್ವ. ಮೇಲೆ "ಸಭೆ"ಯನ್ನು ಮೂರು ಅಂತ ಎಣಿಸಿದ್ದು ಇದೇ ಕಾರಣಕ್ಕೆ. ಇಬ್ಬರು ಒಂದೇ ಒತ್ತಕ್ಷರವನ್ನು ಒಂದೇ ಹೊತ್ತಿಗೆ ತಿದ್ದಲು ಹೋದರೆ ಯಂತ್ರ ಗುರುತುಗಳನ್ನು ಸರಿಯಾಗಿಯೇ ಕೂಡಿಸುತ್ತದೆ, ಅಕ್ಷರ ಮಾತ್ರ ಒಡೆದು ನಿಲ್ಲುತ್ತದೆ. ಹಾಗಾಗಿ ಕನ್ನಡದ ಪ್ರೂಫ್‌ನಲ್ಲಿ ಒಬ್ಬರ ಕರ್ಸರ್ ಇರುವ ಸಾಲಿಗೆ ಇನ್ನೊಬ್ಬರು ಕೈ ಹಾಕಬಾರದು. ಬಣ್ಣದ ಸಣ್ಣ ಗೆರೆ ಕಂಡರೆ ಮುಂದಿನ ಪ್ಯಾರಾಕ್ಕೆ ಹೋಗಿ.

ನಮ್ಮ ಪ್ರೆಸ್ ಬಾಗಿಲಲ್ಲಿ ಈ ಸರಪಳಿ ಮತ್ತೆ ತುಂಡಾಗುತ್ತದೆ. ಪೇಜ್‌ಮೇಕರ್‌ನಲ್ಲಿ ಪುಟ ಕಟ್ಟುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಅದಕ್ಕೆ ಯೂನಿಕೋಡ್ ಕನ್ನಡ ಬರುವುದಿಲ್ಲ. ಡಾಕ್ಸ್‌ನಲ್ಲಿ ಎಂಟು ಜನ ಸೇರಿ ತಿದ್ದಿದ ಲೇಖನವನ್ನು ಮತ್ತೆ ಹಳೆಯ ಫಾಂಟ್‌ಗೆ ಇಳಿಸುತ್ತೇವೆ. ಆ ಮೇಲೆ ಬಂದ ತಿದ್ದುಪಡಿ ಪೇಜ್‌ಮೇಕರ್‌ನಲ್ಲಿ ಮಾತ್ರ ಆಗುತ್ತದೆ. ಡಾಕ್ಸ್‌ನಲ್ಲಿ ಒಂದು ಪಾಠ, ಅಚ್ಚಿನಲ್ಲಿ ಇನ್ನೊಂದು ಪಾಠ. ಮುಂದಿನ ವರ್ಷ ಯಾರೋ ಡಾಕ್ಸ್ ತೆರೆದು ಅದೇ ಕೊನೆಯದ್ದು ಅಂದುಕೊಳ್ಳುತ್ತಾರೆ. ನಾನು ಈಗ ಇನ್‌ಡಿಸೈನ್‌ಗೆ ಬದಲಾಗಿದ್ದೇನೆ, ಅದರಲ್ಲಿ ಯೂನಿಕೋಡ್ ಕನ್ನಡ ಸರಿಯಾಗಿ ಕೂರುತ್ತದೆ. ಖರ್ಚು ಜಾಸ್ತಿ ಆಯಿತು. ಆದರೆ ತಿದ್ದುಪಡಿಯನ್ನು ಮೊದಲು ಡಾಕ್ಸ್‌ನಲ್ಲಿ ಮಾಡಿ, ಅಲ್ಲಿಂದಲೇ ಪುಟಕ್ಕೆ ತರುತ್ತೇನೆ.

ಯಾವ ಕಂಪನಿಯದ್ದು ಬಳಸಬೇಕು ಅನ್ನುವ ಚರ್ಚೆ ಈಗ ಜೋರಾಗಿದೆ. 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ ತನ್ನ ಅಧಿಕಾರಿಗಳಿಗೆ ಜೋಹೋ ಆಫೀಸ್ ಬಳಸಲು ಸೂಚಿಸಿತು. ಜೋಹೋ ರೈಟರ್ 2005ರಿಂದಲೇ ಇದೆ, ಚೆನ್ನೈ ಮೂಲದ ಕಂಪನಿಯದ್ದು. ನಮ್ಮದೇ ಸರ್ವರ್‌ನಲ್ಲಿ ಇಟ್ಟುಕೊಳ್ಳಬೇಕು ಅನ್ನುವ ಕಾಲೇಜುಗಳಿಗೆ ನೆಕ್ಸ್ಟ್‌ಕ್ಲೌಡ್, ಕೊಲಾಬೊರಾ ಕೂಡ ಇವೆ. ದೇಶದ್ದಾದರೆ ಸಂತೋಷವೇ. ಆದರೆ ಜೋಹೋದಲ್ಲೂ ಆ ಹುಡುಗನ ಸ್ವಂತ ಖಾತೆಯಲ್ಲೇ ಸಂಘದ ಪಟ್ಟಿ ಇಟ್ಟರೆ ಕಥೆ ಅದೇ.

ಸ್ಮರಣ ಸಂಚಿಕೆ ಅಚ್ಚಾಯಿತು. 501 ಕೊಟ್ಟವರ ಮುಂದೆ 501 ಇದೆ. ಮೊನ್ನೆ ಶಾಲೆಯ ಹಳೆ ವಿದ್ಯಾರ್ಥಿಗಳ ಸಂಘಕ್ಕೆ ಹೊಸ ಖಾತೆ ತೆರೆದು, ಎಲ್ಲ ಕಡತಗಳನ್ನು ಅದರ ಹೆಸರಿಗೆ ವರ್ಗ ಮಾಡುವ ಕೆಲಸ ಶುರು ಮಾಡಿದೆವು. ಖಾತೆಯ ಮೇಲ್ ಹಾವೇರಿ ಗುರುಗಳ ಹತ್ತಿರ. ಸಂಜೆ ಅವರ ಫೋನ್ ಬಂತು.

"ಹದಿಮೂರು ಮೇಲ್ ಬಂದಾವ್ರೀ. ಒಪ್ಪಿಗೆ ಕೊಡ್ರಿ ಅಂತ ಕೇಳಾಕತ್ತೇತಿ. ಎಲ್ಲಾದಕ್ಕೂ ಹೂಂ ಅನ್ನಲೇನು?"

"ಒಂದೊಂದು ತೆಗೆದು ನೋಡ್ರಿ ಸರ. ಹೆಸರು ಓದಿ, ನಮ್ಮದು ಅನ್ನಿಸಿದ್ರ ಒತ್ತರಿ."

ಅವರು ಫೋನ್ ಇಡಲಿಲ್ಲ. ಒಂದೊಂದೇ ಹೆಸರು ಗಟ್ಟಿಯಾಗಿ ಓದುತ್ತ ಹೋದರು. ನಾನು ಈ ಕಡೆ ನೋಟ್‌ಬುಕ್ಕಿನಲ್ಲಿ ನಂಬರು ಹಾಕಿ ಬರೆದುಕೊಂಡೆ. ಹನ್ನೊಂದನೆಯದು ನಮ್ಮದಾಗಿರಲಿಲ್ಲ. ಕಡತ ಕಳಿಸಿದವರದ್ದೇ ಯಾವುದೋ ಬಾಡಿಗೆ ಕರಾರು ಪತ್ರ, ತಪ್ಪಿ ಸೇರಿತ್ತು. ಅದನ್ನು ಬಿಟ್ಟು ಮುಂದಿನದನ್ನು ಓದಿದರು.